ಉಗುರುಬೆಚ್ಚಗಿನ ನೀರು

"ಇನ್ನೂ ಎಷ್ಟು ಹೊತ್ತು ಹಾಗೇ ಹಿಡ್ಕೊಂಡಿರ್ತೀರಾ?" ಎಂದು ವೃದ್ಧಾಶ್ರಮದ ಮೇಲ್ವಿಚಾರಕಿ ಬಾಗಿಲಲ್ಲಿ ನಿಂತೇ ಕೇಳಿದಳು.

ನಗರಸಭೆಯ ಆರೋಗ್ಯ ನಿರೀಕ್ಷಕಿ ತಲೆಯೆತ್ತದೆ ನೀರನ್ನೇ ನೋಡುತ್ತಿದ್ದಳು. ಸ್ನಾನದ ಕೋಣೆಯ ಒದ್ದೆ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಬಿಸಿನೀರಿನ ನಲ್ಲಿಯ ಕೆಳಗೆ ಥರ್ಮಾಮೀಟರಿನ ಕಡ್ಡಿಯನ್ನು ಹಿಡಿದಿದ್ದಳು. ನೀರು ಹರಿಯಬಿಟ್ಟು ಸಾಕಷ್ಟು ಹೊತ್ತಾಗಿತ್ತು. ಅಂಕಿ ಮೊದಲು ಸರಸರನೆ ಏರಿ, ಆಮೇಲೆ ದಾರಿಯಲ್ಲಿ ಪರಿಚಯದವರು ಸಿಕ್ಕಂತೆ ಒಂದೇ ಕಡೆ ನಿಂತುಬಿಟ್ಟಿತ್ತು. ಥರ್ಮಾಮೀಟರೇ ಕೆಟ್ಟಿರಬಹುದೆಂದು ಚೀಲದಿಂದ ಇನ್ನೊಂದನ್ನು ತೆಗೆದು ಹಿಡಿದಳು. ಅದೂ ಅಲ್ಲೇ ನಿಂತಿತು. ಕೊನೆಗೆ ಅಂಗೈಯನ್ನೇ ನೀರಿಗೆ ಒಡ್ಡಿದಳು. ಹಿತವಾಗಿತ್ತು. ಇದು ಹಿತವಾಗಿರಬೇಕಾದ ನೀರಲ್ಲ.

"ಮುಟ್ಟೋಕಾಗದಷ್ಟು ಬಿಸಿ ಇರಬೇಕಿತ್ತಲ್ಲ ಇದು?" ಎಂದಳು.

"ಇತ್ತು. ಹಿಂದಿನ ಚಳಿಗಾಲದಲ್ಲಿ ಒಬ್ಬ ಅಜ್ಜಿ ಬೆನ್ನು ಸುಟ್ಕೊಂಡ್ರು. ಆಮೇಲೆ ಇಲ್ಲಿರೋರೆಲ್ಲ ಸೇರಿ ಅರ್ಜಿ ಕೊಟ್ರು, ಬಾಯ್ಲರ್ ಬಿಸಿ ಇಳಿಸಿದ್ವಿ. ಮುಂದೆ ನಿಂತು ಗಲಾಟೆ ಮಾಡಿದ್ದು ಯಾರು ಅಂತ ನಿಮಗೆ ಗೊತ್ತಿರಬೇಕಲ್ಲ?"

ನಿರೀಕ್ಷಕಿಗೆ ಗೊತ್ತಿತ್ತು. ಅವಳ ತಾಯಿ ಇದೇ ಆಶ್ರಮದ ಮೊದಲ ಮಹಡಿಯಲ್ಲಿದ್ದಳು. ಕೆಲಸದಲ್ಲಿದ್ದಷ್ಟು ಕಾಲವೂ ಬಸ್ಸಿನಲ್ಲಿ ಟಿಕೆಟ್ ಹರಿದವಳಾದ್ದರಿಂದ ಎಲ್ಲರ ಬಾಯಲ್ಲೂ ಕಂಡಕ್ಟರಮ್ಮ. ಅರ್ಜಿ ಒಪ್ಪಿಗೆಯಾದ ದಿನ ಅವಳು ಮಗಳಿಗೆ ಫೋನ್ ಮಾಡಿ, "ಗೆದ್ದೆ ಕಣೇ! ಇನ್ಮೇಲೆ ಮಗೂಗೆ ಎರೆದಂಗೆ ಬರುತ್ತೆ ನೀರು" ಎಂದಿದ್ದಳು. ಮಗಳು ಆಗ ಫೋನನ್ನು ಕಿವಿ ಮತ್ತು ಹೆಗಲ ನಡುವೆ ಸಿಕ್ಕಿಸಿಕೊಂಡು, ತನ್ನ ವಿಭಾಗವನ್ನು ಯಾಕೆ ಮುಚ್ಚಬಾರದು ಎಂಬ ವಿವರಣೆಯನ್ನು ಟೈಪ್ ಮಾಡುತ್ತಿದ್ದಳು. "ಒಳ್ಳೇದಾಯ್ತು ಬಿಡಮ್ಮ" ಎಂದಿದ್ದಳು. ಏನು ಕೇಳಿಸಿಕೊಂಡೆ ಎಂಬುದು ಈಗ, ಅಂಗೈ ನೀರಿನಲ್ಲಿರುವಾಗ, ಅವಳಿಗೆ ಅರ್ಥವಾಯಿತು.

ಸ್ಟೂಲು ಹತ್ತಿ ಶವರಿನ ತೂತಿನ ಬಿಲ್ಲೆಯನ್ನು ತಿರುಗಿಸಿ ಬಿಚ್ಚಿದಳು. ಒಳಗೆ ಬೆರಳಾಡಿಸಿದಾಗ ಲೋಳೆ ಅಂಟಿಕೊಂಡಿತು. ಕೋಣೆ ಹೊಸದು, ಟೈಲ್ಸಿನ ಮೇಲೆ ಇನ್ನೂ ಸಿಮೆಂಟಿನ ಕಲೆಗಳಿದ್ದವು. ಹೊರಗಿನ ಗೋಡೆಯಲ್ಲಿ ಕಪ್ಪುಕಲ್ಲಿನ ಫಲಕವೊಂದನ್ನು ಕೂರಿಸಿ, ಉದ್ಘಾಟಿಸಿದವರ ಹೆಸರು ಕೆತ್ತಿಸಿದ್ದರು. ನಗರಸಭೆಯ ಹಣಕಾಸು ಸಮಿತಿಯ ಅಧ್ಯಕ್ಷರದು. ಆದರೆ ಗೋಡೆಯ ಒಳಗಿನ ಪೈಪು ಹಳೆಯದೇ. ಹಿಂದೆ ಅಡುಗೆಮನೆಗೆ ಹೋಗುತ್ತಿದ್ದ ಪೈಪನ್ನು ನಡುವೆ ಕತ್ತರಿಸಿ, ಬಾಯಿ ಮುಚ್ಚಿ, ಪಕ್ಕದಿಂದ ಹೊಸ ಶವರುಗಳಿಗೆ ದಾರಿ ಮಾಡಿದ್ದರು. ಮುಚ್ಚಿದ ತುದಿಯಲ್ಲಿ ನೀರು ಎಲ್ಲಿಗೂ ಹೋಗದೆ ನಿಂತಿರುತ್ತಿತ್ತು.

ಇಂಥ ನೀರಿನಲ್ಲಿ ಬೆಳೆಯುವ ಒಂದು ರೋಗಾಣು ಇದೆ. ಶವರಿನ ತುಂತುರಿನ ಜೊತೆ ಉಸಿರಿಗೆ ಸೇರಿದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಗಟ್ಟಿಮುಟ್ಟಾದವರಿಗೆ ಬಹಳ ಸಲ ಗೊತ್ತೂ ಆಗುವುದಿಲ್ಲ. ವಯಸ್ಸಾದವರಿಗೆ, ಎದೆ ದುರ್ಬಲವಾದವರಿಗೆ ನ್ಯುಮೋನಿಯಾ ಬರುತ್ತದೆ. ಆ ವಯಸ್ಸಿನಲ್ಲಿ ನ್ಯುಮೋನಿಯಾ ಬಂದರೆ ಅದು ಎಲ್ಲಿಂದ ಬಂತೆಂದು ಯಾರೂ ಹುಡುಕಿಕೊಂಡು ಹೋಗುವುದಿಲ್ಲ. ಸುಡುವ ನೀರಿನಲ್ಲಿ ಆ ರೋಗಾಣು ಸಾಯುತ್ತದೆ, ತಣ್ಣೀರಿನಲ್ಲಿ ಮಲಗಿರುತ್ತದೆ, ಉಗುರುಬೆಚ್ಚಗಿನ ನೀರಿನಲ್ಲಿ ಸಂಸಾರ ಹೂಡುತ್ತದೆ.

ನಿರೀಕ್ಷಕಿ ಬಾಟಲಿಗಳಲ್ಲಿ ನೀರು ಹಿಡಿದು, ಮುಚ್ಚಳ ಬಿಗಿದು, ತಣ್ಣನೆಯ ಪೆಟ್ಟಿಗೆಯಲ್ಲಿ ಇಟ್ಟಳು. ಪ್ರಯೋಗಾಲಯದಲ್ಲಿ ರೋಗಾಣು ಬೆಳೆದು ಕಣ್ಣಿಗೆ ಬೀಳಬೇಕಾದರೆ ವಾರದ ಮೇಲಾಗುತ್ತಿತ್ತು.

"ಅಲ್ಲೀತನಕ ಸ್ನಾನ ಮಾಡಬಹುದು ತಾನೆ?" ಎಂದು ಮೇಲ್ವಿಚಾರಕಿ ಕೇಳಿದಳು. ಅವಳ ದನಿಯಲ್ಲಿ ಮೊಂಡುತನವಿರಲಿಲ್ಲ, ಸುಸ್ತಿತ್ತು.

"ಆಫೀಸಲ್ಲಿ ಕೇಳಿ ಹೇಳ್ತೀನಿ" ಎಂದು ನಿರೀಕ್ಷಕಿ ಎದ್ದಳು. ಮುಚ್ಚಿ ಎಂದು ಅಲ್ಲೇ ಹೇಳಬಹುದಾಗಿತ್ತು. ಫಲಕವನ್ನು ದಾಟಿ ಹೋಗುವಾಗ ಅದರ ಮೇಲಿನ ಹೆಸರನ್ನು ಇನ್ನೊಮ್ಮೆ ಓದಿದಳು.

*

ಆರೋಗ್ಯ ರಕ್ಷಣಾ ವಿಭಾಗ ನಗರಸಭೆಯ ಕಟ್ಟಡದಲ್ಲಿ ಸೈಕಲ್ ಸ್ಟ್ಯಾಂಡಿನ ಪಕ್ಕದ ಕೋಣೆಯಲ್ಲಿತ್ತು. ಒಂದು ಕಾಲಕ್ಕೆ ಅಲ್ಲಿ ಆರು ಮೇಜುಗಳಿಗೂ ಆರು ಜನರಿದ್ದರು. ಹೋಟೆಲುಗಳ ಅಡುಗೆಮನೆ, ಈಜುಕೊಳ, ಶಾಲೆಯ ನೀರಿನ ತೊಟ್ಟಿ, ಎಲ್ಲೋ ನಾಲ್ಕು ಮಕ್ಕಳಿಗೆ ಒಟ್ಟಿಗೆ ವಾಂತಿಯಾದರೆ ಮನೆಮನೆಗೂ ಹೋಗಿ ಏನು ತಿಂದಿರಿ ಎಂದು ಕೇಳುವುದು, ಇವೆಲ್ಲ ಆ ಕೋಣೆಯ ಕೆಲಸ. ನಿವೃತ್ತರಾದವರ ಜಾಗಕ್ಕೆ ಯಾರೂ ಬರಲಿಲ್ಲ. ಬೇರೆಡೆಗೆ ಕಳಿಸಿದವರನ್ನು ವಾಪಸು ಕಳಿಸಲಿಲ್ಲ. ಈಗ ಉಳಿದವರು ಇಬ್ಬರು, ನಿರೀಕ್ಷಕಿ ಮತ್ತು ವಿಭಾಗದ ಅಧಿಕಾರಿ. ಖಾಲಿ ಕುರ್ಚಿ ಕಂಡರೆ ಬೇರೆ ವಿಭಾಗದವರು ಎತ್ತಿಕೊಂಡು ಹೋಗುತ್ತಾರೆಂದು ಅಧಿಕಾರಿ ಪ್ರತಿ ಕುರ್ಚಿಯ ಮೇಲೂ ಹಳೆಯ ಫೈಲುಗಳ ಕಟ್ಟು ಇಟ್ಟಿದ್ದ. ಹೊರಗಿನಿಂದ ನೋಡಿದವರಿಗೆ ಫೈಲುಗಳೇ ಕೂತು ಕೆಲಸ ಮಾಡುತ್ತಿರುವಂತೆ ಕಾಣುತ್ತಿತ್ತು.

ನಾಡಿದ್ದು ಹಣಕಾಸು ಸಮಿತಿಯ ಸಭೆ. ವಿಭಾಗವನ್ನು ಮುಚ್ಚುವುದು, ನಿರೀಕ್ಷಕಿಯನ್ನು ಪರವಾನಗಿ ಶಾಖೆಗೆ ಸೇರಿಸುವುದು, ತಪಾಸಣೆ ಏನಾದರೂ ಬೇಕಾದಾಗ ಹೊರಗಿನ ಏಜೆನ್ಸಿಯಿಂದ ಮಾಡಿಸುವುದು, ಇದು ಅಲ್ಲಿ ಮಂಡನೆಯಾಗಲಿದ್ದ ಪ್ರಸ್ತಾಪ. ಅಧ್ಯಕ್ಷರು ಇನ್ನೂ ಮನಸ್ಸು ಮಾಡಿಲ್ಲವೆಂದು ಸುದ್ದಿಯಿತ್ತು. ಅಧಿಕಾರಿ ಆ ಸುದ್ದಿಯನ್ನೇ ನೆಚ್ಚಿಕೊಂಡಿದ್ದ.

ಅವನು ಅವಳ ಮಾತನ್ನೆಲ್ಲ ಕೇಳಿ, ಕನ್ನಡಕ ತೆಗೆದು, ಎರಡೂ ಕಣ್ಣುಗಳನ್ನು ಉಜ್ಜಿಕೊಂಡ.

"ಊರಲ್ಲಿ ಇಷ್ಟು ಬಚ್ಚಲು ಇವೆ. ನಿನಗೆ ಅವರ ಹೆಸರು ಕೆತ್ತಿರೋ ಬಚ್ಚಲೇ ಸಿಗಬೇಕಿತ್ತೇನಮ್ಮ?"

"ಹೋಗಿ ಎಷ್ಟು ದಿನ ಆಗಿತ್ತು ಸಾರ್. ಮೊದಲಾದ್ರೆ ಕಾಲಕಾಲಕ್ಕೆ ಹೋಗ್ತಿದ್ವಿ. ಸರದಿ ಬರೋಷ್ಟೊತ್ತಿಗೆ ಹೀಗಾಗಿದೆ."

"ಯಾರಿಗಾದ್ರೂ ಜ್ವರ? ಕೆಮ್ಮು?"

"ಇಲ್ಲ. ಎಲ್ಲರನ್ನೂ ಕೇಳಿದೆ."

"ರೋಗಾಣು ಇದೆ ಅಂತ ಖಾತ್ರಿ ಇದೆಯಾ?"

"ಇಲ್ಲ ಸಾರ್. ಇರಬಹುದು. ಇಲ್ಲದೇನೂ ಇರಬಹುದು."

ಅಧಿಕಾರಿ ಕನ್ನಡಕವನ್ನು ಮತ್ತೆ ಹಾಕಿಕೊಂಡ. "ನೋಡು, ಇಷ್ಟು ತಿಂಗಳಿಂದ ಆ ನೀರಲ್ಲೇ ಸ್ನಾನ ಮಾಡ್ತಿದಾರೆ. ಇನ್ನೊಂದೆರಡು ದಿನ ತಾನೆ? ಸಭೆ ಮುಗೀಲಿ. ಮುಗಿದ ಮಾರನೇ ದಿನ ಬೆಳಿಗ್ಗೆ ನಾನೇ ನಿಂತು ಮುಚ್ಚಿಸ್ತೀನಿ. ಈಗ ಮುಚ್ಚಿದ್ರೆ ನಾಡಿದ್ದು ನಮ್ಮನ್ನೇ ಮುಚ್ತಾರೆ. ಆಮೇಲೆ ಮುಂದಿನ ಸಲ ನೀರು ಮುಟ್ಟಿ ನೋಡೋಕೆ ಯಾರಿರ್ತಾರೆ ಹೇಳು?"

ಮಾತಿನಲ್ಲಿ ತಪ್ಪು ಹುಡುಕುವುದು ಸುಲಭವಾಗಿರಲಿಲ್ಲ. ಅವನು ಹೆದರುಪುಕ್ಕಲನಲ್ಲ, ಒಮ್ಮೆ ಊರಿನ ದೊಡ್ಡ ಹೋಟೆಲೊಂದಕ್ಕೆ ಮದುವೆಯ ದಿನವೇ ಬೀಗ ಹಾಕಿಸಿದವನು. ನಿಯಮವೂ ಅವನ ಕಡೆಗಿತ್ತು. ಫಲಿತಾಂಶ ಬರುವ ಮೊದಲು ಮುಚ್ಚುವುದೋ ಬಿಡುವುದೋ ಸ್ಥಳಕ್ಕೆ ಹೋದವರ ವಿವೇಚನೆಗೆ ಬಿಟ್ಟದ್ದು ಎಂದು ಅದರಲ್ಲಿತ್ತು. ತನ್ನ ವಿವೇಚನೆಯ ಮೇಲೆ ನಿರೀಕ್ಷಕಿಗೆ ಎಂದೂ ಅಷ್ಟೊಂದು ಭರವಸೆಯಿರಲಿಲ್ಲ. ಮನೆಯಿಂದ ಹೊರಡುವಾಗ ಬೀಗ ಹಾಕಿ, ನಾಲ್ಕು ಹೆಜ್ಜೆ ಹೋಗಿ, ಹಿಂದೆ ಬಂದು ಎಳೆದು ನೋಡುವ ಹೆಂಗಸು ಅವಳು.

"ಸರಿ ಸಾರ್" ಎಂದಳು.

ಬಾಟಲಿಗಳನ್ನು ಪ್ರಯೋಗಾಲಯಕ್ಕೆ ಕಳಿಸಿ, ಚೀಲ ಜೋಡಿಸಿಕೊಳ್ಳುವಾಗ ನೋಡಿದರೆ ಒಂದು ಥರ್ಮಾಮೀಟರ್ ಇರಲಿಲ್ಲ. ಸ್ನಾನದ ಕೋಣೆಯ ಕಿಟಕಿಯಲ್ಲಿ ಬಿಟ್ಟುಬಂದಿದ್ದಳು.

*

ಅವಳು ವಾಪಸು ಹೋದಾಗ ಸಂಜೆಯ ಸ್ನಾನದ ಹೊತ್ತು. ಮುದುಕರು ಮುದುಕಿಯರು ಹೆಗಲ ಮೇಲೆ ಟವೆಲು ಹಾಕಿಕೊಂಡು ಹಜಾರದ ಬೆಂಚಿನ ಮೇಲೆ ಸಾಲಾಗಿ ಕೂತಿದ್ದರು. ಕಂಡಕ್ಟರಮ್ಮ ಎಲ್ಲರಿಗಿಂತ ಮುಂದೆ, ಗೋಡೆಗೆ ಒರಗಿ ನಿಂತು, ಸರದಿ ನಡೆಸುತ್ತಿದ್ದಳು.

"ಯಾರ್ರೀ ಅದು ಹಿಂದಿನ ಬಾಗಿಲಿಂದ ಹತ್ತೋರು? ಸಾಲಲ್ಲಿ ಬನ್ನಿ, ಸಾಲಲ್ಲಿ! ಓ, ನೀನಾ. ಏನೇ, ಬೆಳಿಗ್ಗೆ ನಮ್ಮ ಬಚ್ಚಲಲ್ಲಿ ಕೂತು ತಪಸ್ಸು ಮಾಡಿದ್ಯಂತೆ? ಮೇಲೆ ಬಂದು ಅಮ್ಮನ ಮುಖ ನೋಡೋಕೆ ಪುರುಸೊತ್ತಿಲ್ಲ."

"ಒಂದು ವಸ್ತು ಮರೆತಿದ್ದೆ ಅಮ್ಮ. ಒಳಗೆ ಯಾರಿದಾರೆ?"

"ಇನ್ಯಾರು, ನಮ್ಮ ಹಾರ್ಮೋನಿಯಂ."

ಉಸಿರಾಡಿದರೆ ಎದೆಯಿಂದ ಎರಡು ಮೂರು ಸ್ವರ ಒಟ್ಟಿಗೆ ಹೊರಡುತ್ತಿದ್ದ ಆ ಮುದುಕನಿಗೆ ಅದೇ ಹೆಸರಾಗಿತ್ತು. ಬಹಳ ವರ್ಷ ಹಿಟ್ಟಿನ ಗಿರಣಿಯಲ್ಲಿ ಕೆಲಸ ಮಾಡಿ ಎದೆ ಕೆಡಿಸಿಕೊಂಡವನು. ಬಾಗಿಲಿನ ಹಿಂದೆ ಶವರಿನ ಸದ್ದು ಕೇಳುತ್ತಿತ್ತು. ಅವನು ಹಾಡುತ್ತಿದ್ದ. ಒಂದೊಂದು ಸಾಲಿನ ಕೊನೆಗೂ ನಿಂತು, ಸುಯ್ಯೆಂದು ಉಸಿರೆಳೆದುಕೊಂಡು, ಮುಂದಿನ ಸಾಲು ಹಿಡಿಯುತ್ತಿದ್ದ. ಬಾಗಿಲ ಸಂದಿಯಿಂದ ಹಬೆ ಬರುತ್ತಿತ್ತು.

ನಿರೀಕ್ಷಕಿ ಆ ಉಸಿರೆಳೆಯುವ ಸದ್ದನ್ನು ಕೇಳುತ್ತ ನಿಂತಳು. ಇನ್ನೊಂದು ಸಾಲು ಮುಗಿಯಿತು. ಅವನು ಮತ್ತೆ ಎಳೆದುಕೊಂಡ.

ಅವಳು ಬಾಗಿಲು ಬಡಿದಳು. "ತಾತ, ನೀರು ನಿಲ್ಲಿಸಿ. ಹೊರಗೆ ಬನ್ನಿ."

"ಯಾರಪ್ಪ? ಸೋಪು ಹಚ್ಕೊಂಡಿದೀನಿ!"

"ಹಾಗೇ ನಿಲ್ಲಿಸಿ ತಾತ. ಟವೆಲ್ ಸುತ್ಕೊಂಡು ಬಂದ್ಬಿಡಿ."

"ಕಣ್ಣೆಲ್ಲ ಸೋಪು ಕಣಮ್ಮ!"

ಅವಳು ಹಜಾರದ ತುದಿಗೆ ಹೋಗಿ, ಶವರುಗಳಿಗೆ ಹೋಗುವ ನೀರಿನ ದೊಡ್ಡ ತಿರುಪನ್ನು ಎರಡೂ ಕೈಯಿಂದ ತಿರುಗಿಸಿ ನಿಲ್ಲಿಸಿದಳು. ಶವರಿನ ಸದ್ದು ನಿಂತಿತು. ಹಾಡೂ ನಿಂತಿತ್ತು. ಆಮೇಲೆ ಬೆಂಚಿನ ಮೇಲಿದ್ದವರೆಲ್ಲ ಒಟ್ಟಿಗೆ ಬಾಯಿ ತೆರೆದರು.

ಮೇಲ್ವಿಚಾರಕಿ ಓಡಿಬಂದಳು. ಅಡುಗೆಮನೆಯಿಂದ ನೀರು ಕಾಯಿಸಿ ತರುವಷ್ಟರಲ್ಲಿ ಮುದುಕ ಬಾಗಿಲು ತೆರೆದು ನಿಂತಿದ್ದ; ಸೊಂಟಕ್ಕೆ ಟವೆಲು, ತಲೆಯಿಂದ ಮೊಣಕಾಲಿನವರೆಗೆ ನೊರೆ, ಕಣ್ಣು ಬಿಗಿಯಾಗಿ ಮುಚ್ಚಿ ಎರಡೂ ಕೈ ಮುಂದೆ ಚಾಚಿಕೊಂಡಿದ್ದ. ಯಾರೋ ಕಿಸಕ್ಕನೆ ನಕ್ಕರು. ಅವನು ನಗಲಿಲ್ಲ. ಚಳಿಗೆ ಅವನ ಗಲ್ಲ ಅದುರುತ್ತಿತ್ತು. ನಿರೀಕ್ಷಕಿ ತನ್ನ ಕರವಸ್ತ್ರದಿಂದ ಅವನ ಕಣ್ಣೊರೆಸಲು ಹೋದಾಗ ಅವನು ಮುಖ ತಿರುಗಿಸಿಕೊಂಡ.

"ನಾನು ಏನು ತಪ್ಪು ಮಾಡಿದೆ ಅಂತ?" ಎಂದ.

"ಏನೂ ಇಲ್ಲ ತಾತ. ನೀರು ಸರಿ ಇಲ್ಲ."

"ಚೆನ್ನಾಗಿದೆಯಲ್ಲ!"

"ನಾವು ಬಡಿದಾಡಿ ತಗೊಂಡಿರೋ ನೀರದು" ಎಂದು ಕಂಡಕ್ಟರಮ್ಮ ಮುಂದೆ ಬಂದಳು. ಬಸ್ಸಿನ ಕೊನೆಯ ಸೀಟಿಗೂ ಕೇಳಿಸುತ್ತಿದ್ದ ದನಿ ಇನ್ನೂ ಹಾಗೇ ಇತ್ತು. "ಒಂದೊಂದು ಮನೆ ಬಾಗಿಲು ಬಡಿದಂಗೆ ಒಬ್ಬೊಬ್ಬರ ಮಂಚದ ಹತ್ರ ಹೋಗಿ ಸಹಿ ಹಾಕಿಸಿದೀನಿ. ಸುಡೋ ನೀರಲ್ಲಿ ಚರ್ಮ ಕಿತ್ತು ಬಂದಾಗ ನೀನು ಬಂದಿದ್ಯಾ? ನಾನು ಹೇಳಿದಾಗ ಒಳ್ಳೇದಾಯ್ತು ಅಂದೋಳು ಯಾರು?"

"ನಾನೇ ಅಮ್ಮ."

"ಮತ್ತೆ?"

"ಅವತ್ತು ಸರಿಯಾಗಿ ಕೇಳಿಸ್ಕೊಂಡಿರಲಿಲ್ಲ."

ಕಂಡಕ್ಟರಮ್ಮ ಬೆಂಚಿನ ಕಡೆಗೆ ತಿರುಗಿದಳು. ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಆ ನೋಟದಲ್ಲಿ, ಇದು ನಿನ್ನ ಮಗಳಲ್ಲವೇ ಎಂಬ ಪ್ರಶ್ನೆಯಿತ್ತು. "ಇಳೀರಿ ಎಲ್ಲ, ಇಳೀರಿ" ಎಂದಳು. "ಬಸ್ಸು ಮುಂದಕ್ಕೆ ಹೋಗಲ್ಲ. ಇನ್‌ಸ್ಪೆಕ್ಟರಮ್ಮನ ಆರ್ಡರ್ ಆಗಿದೆ." ಮಗಳ ಮುಖ ನೋಡದೆ ಟವೆಲು ಕೊಡವಿ ಮೆಟ್ಟಿಲು ಹತ್ತಿದಳು.

ನಿರೀಕ್ಷಕಿ ತಿರುಪಿಗೆ ಮೊಹರಿನ ಪಟ್ಟಿ ಸುತ್ತಿ, ಶವರಿನ ಕೋಣೆಗಳ ಬಾಗಿಲಿಗೆ ನೋಟೀಸು ಅಂಟಿಸಿದಳು. ಗೋಂದು ಸರಿಯಾಗಿ ಹಿಡಿದಿದೆಯೋ ಇಲ್ಲವೋ ಎಂದು ಮೂಲೆಗಳನ್ನು ಮತ್ತೊಮ್ಮೆ ಒತ್ತಿದಳು. ಅಧಿಕಾರಿಗೆ ಫೋನ್ ಮಾಡಿದಾಗ ಅವನು ಬಯ್ಯಲಿಲ್ಲ. "ಆಯ್ತು" ಎಂದಷ್ಟೇ ಹೇಳಿ ಇಟ್ಟ. ಥರ್ಮಾಮೀಟರ್ ಈ ಸಲವೂ ಕಿಟಕಿಯಲ್ಲೇ ಉಳಿಯಿತು. ಬಸ್‌ಸ್ಟಾಪಿಗೆ ಬಂದ ಮೇಲೆ ಅದು ಅವಳಿಗೆ ನೆನಪಾಯಿತು.

*

ಸಭೆಯ ಕೋಣೆಯಲ್ಲಿ ಉದ್ದನೆಯ ಮೇಜಿನ ಸುತ್ತ ಸದಸ್ಯರು ಕೂತಿದ್ದರು. ನಿರೀಕ್ಷಕಿ ಹಿಂದಿನ ದಿನವೆಲ್ಲ ಕೂತು, ಹೇಳಬೇಕಾದದ್ದನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ಕಷ್ಟವೇನೆಂದರೆ ಅವಳು ಹೇಳಬೇಕಾಗಿದ್ದದ್ದೆಲ್ಲ ಆಗದೇ ಹೋದ ಸಂಗತಿಗಳು. ಈಜುಕೊಳದಿಂದ ಯಾರಿಗೂ ಕಣ್ಣುನೋವು ಬರಲಿಲ್ಲ. ಶಾಲೆಯ ತೊಟ್ಟಿಯ ನೀರು ಕುಡಿದು ಯಾವ ಮಗುವೂ ಮಲಗಲಿಲ್ಲ. ರಸ್ತೆ ವಿಭಾಗದವರು ತಮ್ಮ ಸರದಿಯಲ್ಲಿ ಹೊಸ ಸೇತುವೆಯ ಫೋಟೋ ತೋರಿಸಿದ್ದರು. ಅವಳು ತೋರಿಸಬಹುದಾದ ಫೋಟೋ ಯಾವುದೂ ಇರಲಿಲ್ಲ.

ಅಧ್ಯಕ್ಷರು ಕೆಟ್ಟವರಲ್ಲ. ಅವಳು ಮಾತಾಡುವಷ್ಟು ಹೊತ್ತೂ ತಲೆಯಾಡಿಸುತ್ತ ಕೇಳಿದರು. ಮುಗಿದ ಮೇಲೆ ಸದಸ್ಯರ ಕಡೆ ತಿರುಗಿ, "ಮೊನ್ನೆ ಇವರು ನಮ್ಮ ವೃದ್ಧಾಶ್ರಮದಲ್ಲಿ ಒಬ್ಬ ಹಿರಿಯರನ್ನ ಸೋಪಿನ ಸಮೇತ ಹೊರಗೆ ಕರೆಸಿದ್ರಂತೆ" ಎಂದರು. ಸುದ್ದಿ ಆಗಲೇ ಎಲ್ಲರಿಗೂ ತಲುಪಿತ್ತು. ಒಬ್ಬ ಸದಸ್ಯ ಎರಡೂ ಕೈ ಮುಂದೆ ಚಾಚಿ ತಡವರಿಸುವಂತೆ ಮಾಡಿ ತೋರಿಸಿದ. ಅಧ್ಯಕ್ಷರು ಅವನನ್ನು ಕೈಸನ್ನೆಯಿಂದ ಸುಮ್ಮನಾಗಿಸಿದರು.

"ತಪ್ಪು ತಿಳೀಬೇಡಿ ಅಮ್ಮ. ನಿಮ್ಮ ಕೆಲಸ ನೀವು ಮಾಡಿದೀರಿ. ನನಗೆ ಗೊತ್ತಾಗಬೇಕಾಗಿರೋದು ಇಷ್ಟೇ. ಅಲ್ಲಿ ಯಾರಿಗೂ ಕಾಯಿಲೆ ಇರಲಿಲ್ಲ. ರೋಗಾಣು ಇದೆ ಅಂತಾನೂ ಇನ್ನೂ ಗೊತ್ತಾಗಿಲ್ಲ. ನೀವು ಮುಚ್ಚದೇ ಇದ್ದಿದ್ರೆ ಏನಾಗ್ತಿತ್ತು?"

ಪಕ್ಕದಲ್ಲಿ ಕೂತಿದ್ದ ಅಧಿಕಾರಿ ಮೇಜಿನ ಕೆಳಗೆ ಅವಳ ಕುರ್ಚಿಯ ಕಾಲನ್ನು ಮೆಲ್ಲಗೆ ಒದ್ದ. ಏನು ಹೇಳಬೇಕೆಂದು ಅವಳಿಗೂ ತಿಳಿದಿತ್ತು. ಜನ ಸಾಯುತ್ತಿದ್ದರು ಎನ್ನಬೇಕು. ಅಧ್ಯಕ್ಷರೂ ಬಹುಶಃ ಅದನ್ನೇ ಕಾಯುತ್ತಿದ್ದರು. ಅಂಥ ಒಂದು ಮಾತು ಕೈಗೆ ಸಿಕ್ಕರೆ ಹಿಡಿದುಕೊಳ್ಳಲು ಅವರೂ ತಯಾರಿದ್ದಂತೆ ಕಂಡಿತು. ಅವಳು ಆ ಮುದುಕನನ್ನು, ಪೈಪಿನ ಮುಚ್ಚಿದ ತುದಿಯನ್ನು, ಎಷ್ಟೋ ಕಡೆ ಇಂಥದೇ ನೀರಿನಲ್ಲಿ ಏನೂ ಆಗದೆ ದಿನ ಕಳೆಯುವ ಎಷ್ಟೋ ಜನರನ್ನು ಒಂದೊಂದಾಗಿ ನೆನೆದಳು. ತನಗೆ ಎಷ್ಟು ಗೊತ್ತೋ ಅಷ್ಟನ್ನೇ ಹೇಳುವುದು ಅವಳಿಗೆ ಅಭ್ಯಾಸವಾಗಿಹೋಗಿತ್ತು.

"ಬಹುಶಃ ಏನೂ ಆಗ್ತಿರಲಿಲ್ಲ" ಎಂದಳು. "ಆದ್ರೆ—"

ನಗು ಒಂದು ಮೂಲೆಯಿಂದ ಎದ್ದು ಮೇಜಿನ ಸುತ್ತ ಹರಡಿತು. ಅದರಲ್ಲಿ ಕುಹಕವಿರಲಿಲ್ಲ. ಇಷ್ಟು ಸಾಚಾ ಉತ್ತರ ಆ ಕೋಣೆಯಲ್ಲಿ ಬಹಳ ದಿನದಿಂದ ಕೇಳಿಬಂದಿರಲಿಲ್ಲ. ಅಧ್ಯಕ್ಷರೂ ನಕ್ಕರು, ನಕ್ಕು ಆಮೇಲೆ ಸ್ವಲ್ಪ ಬೇಸರಗೊಂಡವರಂತೆ ಮುಂದಿನ ಹಾಳೆ ತಿರುಗಿಸಿದರು. "ಆದ್ರೆ" ಎಂಬುದರ ಮುಂದಿನ ಮಾತನ್ನು ಅವಳು ಹೇಳಿದಳು. ಕೇಳಿಸಿಕೊಂಡದ್ದು ಅಧಿಕಾರಿಯೊಬ್ಬನೇ. ಪ್ರಸ್ತಾಪದ ಪರ ಕೈಗಳು ಮೇಲೆದ್ದವು. ಎಣಿಸುವ ಅಗತ್ಯ ಬೀಳಲಿಲ್ಲ.

ಹೊರಗೆ ಮೆಟ್ಟಿಲ ಹತ್ತಿರ ಅಧಿಕಾರಿ, "ಅಲ್ಲಮ್ಮ, ಆ 'ಬಹುಶಃ' ಅನ್ನೋದನ್ನ ಇವತ್ತೊಂದು ದಿನ ಮನೇಲಿ ಬಿಟ್ಟು ಬರೋಕಾಗಲಿಲ್ವಾ?" ಎಂದ.

"ಅದು ನಿಜ ಸಾರ್."

"ನಿಜ ಅಂತ ನನಗೂ ಗೊತ್ತು." ಅವನು ಜೇಬು ತಡವಿ, ಏನು ಹುಡುಕುತ್ತಿದ್ದೆ ಎಂಬುದನ್ನೇ ಮರೆತವನಂತೆ ಕೈ ಹೊರತೆಗೆದ. "ನಿಜ ಹೇಳಬೇಡ ಅಂತ ನಿನಗೆ ಕಲಿಸೋಕೆ ನನಗೂ ಬರಲಿಲ್ಲ, ಬಿಡು."

ಮರುದಿನವೇ ಕುರ್ಚಿಗಳಿಗೆ ಜನ ಬಂದರು. ಫೈಲುಗಳ ಕಟ್ಟುಗಳನ್ನು ಎತ್ತಿ ನೆಲದ ಮೇಲೆ ಇಟ್ಟು, ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ಹೋದರು.

*

ಪರವಾನಗಿ ಶಾಖೆಯಲ್ಲಿ ಅವಳಿಗೆ ಕಿಟಕಿಯ ಪಕ್ಕದ ಜಾಗ ಸಿಕ್ಕಿತು. ಅಂಗಡಿಗಳ ಬೋರ್ಡು ಎಷ್ಟು ಉದ್ದ ಎಷ್ಟು ಅಗಲ ಇರಬೇಕೆಂಬುದು ಅವಳ ಕೆಲಸ. ಸಹೋದ್ಯೋಗಿಗಳು ಒಳ್ಳೆಯವರು. ಅವಳು ಅಳತೆಗಳನ್ನು ಎರಡೆರಡು ಸಲ ನೋಡುತ್ತಾಳೆಂದು ತಮಾಷೆ ಮಾಡುತ್ತಿದ್ದರು.

ಅಲ್ಲಿದ್ದಾಗಲೇ ಹಳೆಯ ಅಧಿಕಾರಿಯ ಫೋನ್ ಬಂತು. ನಿವೃತ್ತಿಗೆ ಮೊದಲು ಲೆಕ್ಕ ಒಪ್ಪಿಸಲು ಅವನು ಇನ್ನೂ ಸೈಕಲ್ ಸ್ಟ್ಯಾಂಡಿನ ಪಕ್ಕದ ಕೋಣೆಗೆ ಬರುತ್ತಿದ್ದ.

"ಬಂತು" ಎಂದ. "ಇದೆ. ಆ ಮೂಲೆ ಶವರಿನಲ್ಲಂತೂ ಜಾಸ್ತೀನೇ ಇದೆ."

ನಿರೀಕ್ಷಕಿ ಎದ್ದು ನಿಂತಳು. ಪಕ್ಕದವರು ನೋಡಿದ್ದರಿಂದ ಮತ್ತೆ ಕೂತಳು. "ಯಾರಿಗೂ ಜ್ವರ ಇಲ್ಲ ತಾನೆ? ಕೇಳಿದ್ರಾ?"

"ಕೇಳಿದೆ. ಯಾರಿಗೂ ಇಲ್ಲ. ಪೈಪ್ ಕಿತ್ತು ಬೇರೆ ಹಾಕಬೇಕು, ಬಾಯ್ಲರ್ ಬಿಸಿ ಏರಿಸಬೇಕು, ನಲ್ಲಿ ಹತ್ರ ತಣ್ಣೀರು ಬೆರೆಸೋ ವಾಲ್ವ್ ಕೂರಿಸಬೇಕು. ಎಲ್ಲ ಬರೆದು ಕೊಟ್ಟಿದೀನಿ. ಅಲ್ಲೀತನಕ ಬಕೆಟ್ಟೇ ಗತಿ."

"ಅಧ್ಯಕ್ಷರಿಗೆ ತಿಳಿಸಿದ್ರಾ ಸಾರ್?"

"ತಿಳಿಸಿದೆ. ಸದ್ಯ, ಯಾರಿಗೂ ಏನೂ ಆಗಲಿಲ್ಲವಲ್ಲ ಅಂದ್ರು."

ಆ ಕಡೆ ಫೈಲೊಂದನ್ನು ಮುಚ್ಚಿದ ಸದ್ದಾಯಿತು. ಆಮೇಲೆ ಅವನು, "ಫೋನ್ ಇಡ್ತೀನಿ ಕಣಮ್ಮ" ಎಂದ.

ಕೆಲಸ ಮುಗಿಸಿ ಅವಳು ನೇರ ವೃದ್ಧಾಶ್ರಮಕ್ಕೆ ಹೋದಳು. ಸೋಪಿನ ದಿನದಿಂದ ತಾಯಿ ಅವಳ ಫೋನು ಎತ್ತಿರಲಿಲ್ಲ. ಬಕೆಟ್ಟಿನಲ್ಲಿ ನೀರು ಹೊತ್ತು ಕೊಡಲು ಕೈ ಸಾಲುತ್ತಿಲ್ಲ, ತಲೆಸ್ನಾನವೆಂದರೆ ವಾರಗಟ್ಟಲೆ ಕಾಯಬೇಕು ಎಂದು ಮೇಲ್ವಿಚಾರಕಿ ಹೇಳಿದಳು. ಕಂಡಕ್ಟರಮ್ಮ ಮಂಚದ ಮೇಲೆ ಕೂತು, ಎಣ್ಣೆಗಟ್ಟಿದ ಕೂದಲನ್ನು ಸ್ಕಾರ್ಫಿನೊಳಗೆ ಮುಚ್ಚಿಕೊಂಡಿದ್ದಳು.

"ಯಾರು ಕರೆದ್ರು ನಿನ್ನ?"

"ಯಾರೂ ಇಲ್ಲ. ಏಳಮ್ಮ, ತಲೆಗೆ ನೀರು ಹಾಕ್ತೀನಿ."

"ಆರ್ಡರ್ ಇದೆಯಾ?"

"ಇಲ್ಲ. ಈಗ ನನಗೆ ಬೋರ್ಡು ಅಳೆಯೋ ಆರ್ಡರ್ ಮಾತ್ರ ಇರೋದು."

ಕಂಡಕ್ಟರಮ್ಮ ಮಗಳನ್ನು ಒಂದು ಸಲ ಪೂರ್ತಿಯಾಗಿ ನೋಡಿದಳು. ಆಮೇಲೆ ಏಳಲು ಕೈ ಚಾಚಿದಳು.

ಮಗಳು ಅಡುಗೆಮನೆಯಿಂದ ಕುದಿಯುವ ನೀರು ತಂದು, ತಣ್ಣೀರು ಬೆರೆಸಿದಳು. ಮೊಣಕೈ ಅದ್ದಿ ನೋಡಿ, ಇನ್ನಷ್ಟು ತಣ್ಣೀರು ಹಾಕಿ, ಮತ್ತೆ ಅದ್ದಿದಳು. ತಾಯಿ ಸ್ಟೂಲಿನ ಮೇಲೆ ಮುಂದಕ್ಕೆ ಬಾಗಿ ಕೂತಿದ್ದಳು. ಸಣ್ಣದಾಗಿಹೋಗಿದ್ದ ಅವಳ ಕತ್ತಿನಲ್ಲಿ, ಎಷ್ಟೋ ವರ್ಷ ಚರ್ಮದ ಚೀಲದ ಪಟ್ಟಿ ಉಜ್ಜಿ ಉಳಿದಿದ್ದ ಗುರುತಿತ್ತು. ಪ್ರಯೋಗಾಲಯದಿಂದ ಬಂದದ್ದನ್ನು ಮಗಳು ಆಗ ಹೇಳಿದಳು.

"ಅಂದ್ರೆ ನಾನೇ ಸಹಿ ಹಾಕಿಸಿ ಅದನ್ನ ಒಳಗೆ ಕರ್ಕೊಂಡೆ ಅನ್ನು."

"ಹಾಗಲ್ಲಮ್ಮ. ಅಜ್ಜಿ ಬೆನ್ನು ಸುಟ್ಟಿದ್ದೂ ನಿಜ ತಾನೆ. ಯಾರಾದ್ರೂ ಆಗಲೇ ಬಂದು ನೋಡಿದ್ದಿದ್ರೆ ಒಂದು ವಾಲ್ವ್ ಹಾಕಿಸಿ ಅಂತ ಹೇಳ್ತಿದ್ರು. ಎರಡೂ ಸರಿಹೋಗ್ತಿತ್ತು."

"ಯಾರು ಬರಬೇಕಿತ್ತು?"

"ನಾನು."

ಮಗಳ ಬೆರಳುಗಳು ಶಾಂಪೂ ಹಚ್ಚಿ ನೆತ್ತಿಯನ್ನು ಉಜ್ಜುತ್ತಿದ್ದವು. ನೊರೆ ಕಿವಿಗಳ ಹಿಂದೆ ಇಳಿಯಿತು.

"ಒಂದು ಕೇಳ್ಲಾ?" ಎಂದಳು ತಾಯಿ, ಬಾಗಿದ ತಲೆಯ ಅಡಿಯಿಂದ.

"ಹೂಂ."

"ನಾನು ಸತ್ತಿದ್ರೆ ನಿನ್ನ ಆಫೀಸು ಉಳೀತಿತ್ತು, ಅಲ್ವೇನೇ?"

ಬೆರಳುಗಳು ಒಂದು ಗಳಿಗೆ ನಿಂತವು.

"ಕಣ್ಣು ಮುಚ್ಕೋ ಅಮ್ಮ. ನೀರು ಹಾಕ್ತೀನಿ."

ಗೋಡೆಯ ಆಚೆಯ ಕೋಣೆಯಲ್ಲಿ ಯಾರೋ ಬಕೆಟ್ಟು ಎಳೆದರು. ಮಗ್ಗು ನೀರಿಗೆ ಬಿದ್ದ ಸದ್ದಾಯಿತು. ಹಾರ್ಮೋನಿಯಂ ತಾತ ಹಾಡು ಶುರುಮಾಡಿದ. ಮೊದಲ ಸಾಲು ಮುಗಿಸಿ ಉಸಿರೆಳೆದುಕೊಂಡ, ಎರಡನೆಯದನ್ನು ಹಿಡಿದ. ಮೂರನೆಯ ಸಾಲಿನ ನಡುವೆ ಹಾಡು ತಟ್ಟನೆ ನಿಂತಿತು. ಒಂದು ಕೆಮ್ಮು ಕೇಳಿತು, ಇನ್ನೊಂದು.

ತುಂಬಿದ ಮಗ್ಗು ಹಿಡಿದ ಕೈ ತಾಯಿಯ ತಲೆಯ ಮೇಲೆ ಹಾಗೇ ನಿಂತಿತು. ಅವಳು ಗೋಡೆಯ ಕಡೆಗೆ ಮುಖ ಮಾಡಿ ಕಿವಿಗೊಟ್ಟಳು. ಮಗ್ಗಿನಿಂದ ಹನಿಗಳು ತೊಟ್ಟಿಕ್ಕಿ ನೊರೆಯಲ್ಲಿ ಸಣ್ಣ ಸಣ್ಣ ಗುಳಿಗಳು ಬಿದ್ದವು.

"ಏನೇ ಅದು?" ಎಂದಳು ತಾಯಿ, ಕಣ್ಣು ಮುಚ್ಚಿಕೊಂಡೇ.

ಆಚೆ ಕೋಣೆಯಲ್ಲಿ ಮುದುಕ ಗಂಟಲು ಸರಿಮಾಡಿಕೊಂಡ. ಬಿಟ್ಟ ಸಾಲನ್ನು ಮೊದಲಿನಿಂದ ಎತ್ತಿಕೊಂಡ.

"ಏನಿಲ್ಲ" ಎಂದು ಅವಳು ನೀರು ಸುರಿದಳು.